ಕ್ರೀಟ್‌ನಲ್ಲಿ ಒಂದು ವಾರ, ಒಂದು ಕಾರು: ಪಶ್ಚಿಮವೋ, ದಕ್ಷಿಣವೋ, ಪೂರ್ವವೋ?

ಕ್ರೀಟ್ ದ್ವೀಪಕ್ಕೆ ಹೊರಟವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ನಕ್ಷೆ ತೆರೆದು ಬೀಚುಗಳ ಮೇಲೆ ಚುಕ್ಕೆ ಇಡುತ್ತಾರೆ. ಪಶ್ಚಿಮದ ತುದಿಗೆ ಎಲಫೋನಿಸಿ, ಪೂರ್ವದ ತುದಿಗೆ ವಾಯ್, ನಡುವೆ ಕ್ನೋಸೋಸ್ ಅರಮನೆ, ಪಕ್ಕದಲ್ಲೆಲ್ಲೋ ಸಮರಿಯಾ ಕಮರಿ. ಆಮೇಲೆ ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿ, ‘ಏಳು ದಿನ ಧಾರಾಳ ಸಾಕು’ ಅನ್ನುತ್ತಾರೆ. ನಾವೂ ಮೊದಲ ಸಲ ಹಾಗೇ ಮಾಡಿದೆವು. ಏಳರಲ್ಲಿ ನಾಲ್ಕು ದಿನ ಕಾರಿನೊಳಗೇ ಕಳೆದುಹೋಯಿತು. ಎರಡನೇ ಸಲ ಬುದ್ಧಿ ಬಂದಿತ್ತು. ಒಂದು ಮೂಲೆ ಹಿಡಿದು ಕೂತೆವು. ಸದ್ದಿಲ್ಲದ ಬೀಚು, ಹಳ್ಳಿ, ಬೆಟ್ಟದ ನಡಿಗೆ ಮೂರೂ ಬೇಕೆನ್ನುವವರು ಯಾವ ಮೂಲೆ ಹಿಡಿಯಬೇಕು ಎನ್ನುವುದೇ ಇಲ್ಲಿಯ ಪ್ರಶ್ನೆ.

ಗ್ರೀಸ್‌ನ ದ್ವೀಪಗಳಲ್ಲಿ ಇದೇ ದೊಡ್ಡದು. ಉದ್ದ ಸುಮಾರು 260 ಕಿ.ಮೀ. ಅಗಲ ಮಾತ್ರ ಕಡಿಮೆ. ಹೆಚ್ಚೆಂದರೆ 60 ಕಿ.ಮೀ., ಪೂರ್ವದ ಒಂದು ಕಡೆ ಬರೀ 12. ಇಷ್ಟು ಕೇಳಿದರೆ ಚಿಕ್ಕದು ಅನ್ನಿಸುತ್ತೆ ಅಲ್ವಾ? ಆದರೆ ನಡುವೆ ಬೆನ್ನುಮೂಳೆಯ ಹಾಗೆ ಬೆಟ್ಟಸಾಲು ಇದೆ. ಪಶ್ಚಿಮದ ‘ಬಿಳಿ ಬೆಟ್ಟ’ಗಳೂ ಮಧ್ಯದ ಪ್ಸಿಲೋರಿಟಿಸ್ ಕೂಡ 2,450 ಮೀಟರ್ ದಾಟುತ್ತವೆ. ಪೂರ್ವದ ಡಿಕ್ಟಿ 2,148 ಮೀಟರ್. ದ್ವೀಪದ ದೊಡ್ಡ ಹೆದ್ದಾರಿ ಉತ್ತರ ಕರಾವಳಿಯಲ್ಲಿ ಮಾತ್ರ. ನಿಮಗೆ ಬೇಕಾದ ಸದ್ದಿಲ್ಲದ ಬೀಚುಗಳು ಹೆಚ್ಚಾಗಿ ದಕ್ಷಿಣದಲ್ಲೂ ಎರಡು ತುದಿಗಳಲ್ಲೂ ಇವೆ. ಅಲ್ಲಿಗೆ ಹೋಗಲು ಪ್ರತಿಸಲವೂ ಬೆಟ್ಟ ಹತ್ತಿ ಇಳಿಯಬೇಕು. ನಕ್ಷೆಯಲ್ಲಿ 40 ಕಿ.ಮೀ. ಅಂದರೆ ಕೆಲವು ಕಡೆ ಒಂದೂಕಾಲು ಗಂಟೆ.

ಇನ್ನೂ ಒಂದು ಮೋಸ ಇದೆ. ದಕ್ಷಿಣ ಕರಾವಳಿಯಲ್ಲಿ ಉದ್ದಕ್ಕೂ ರಸ್ತೆ ಇಲ್ಲ. ಸೂಯಾ ಮತ್ತು ಹೋರಾ ಸ್ಫಾಕಿಯಾ ಎಂಬ ಎರಡು ಊರು ನಕ್ಷೆಯಲ್ಲಿ ಅಕ್ಕಪಕ್ಕದಲ್ಲಿವೆ. ಕಾರಿನಲ್ಲಿ ಹೋಗಬೇಕಾದರೆ ಬೆಟ್ಟ ಹತ್ತಿ, ಉತ್ತರಕ್ಕೆ ಬಂದು, ಮತ್ತೆ ಬೆಟ್ಟ ಇಳಿಯಬೇಕು. ನಡುವಿನ ಆಯಾ ರೂಮೆಲಿ, ಲೂತ್ರೋ ಊರುಗಳಿಗೆ ರಸ್ತೆಯೇ ಇಲ್ಲ. ದೋಣಿ, ಇಲ್ಲವೇ ಕಾಲ್ನಡಿಗೆ.

ಅದಕ್ಕೇ ‘ಯಾವ ಬೀಚು ಚೆಂದ’ ಎಂದು ಕೇಳುವ ಬದಲು ‘ರಾತ್ರಿ ಎಲ್ಲಿ ಮಲಗುವುದು’ ಎಂದು ಮೊದಲು ತೀರ್ಮಾನಿಸಿ. ಮೂರು ಆಯ್ಕೆ ಇವೆ: ಹನ್ಯಾ ಊರಿನ ಸುತ್ತಲ ಪಶ್ಚಿಮ, ಪ್ಲಾಕಿಯಾಸ್ ಸುತ್ತಲ ನಡು-ದಕ್ಷಿಣ, ಸಿತಿಯಾ ಸುತ್ತಲ ಪೂರ್ವ. ಅಂದಹಾಗೆ, ಹನ್ಯಾ ಹೆಸರನ್ನು ಫೋನಿನ ನಕ್ಷೆಯ ಹೆಂಗಸು ‘ಚಾನಿಯಾ’ ಅನ್ನುತ್ತಾಳೆ. ಅಲ್ಲಿಯವರ ಮುಂದೆ ಹಾಗಂದರೆ ಒಂದು ಕ್ಷಣ ಸುಮ್ನೆ ನೋಡುತ್ತಾರೆ, ಆಮೇಲೆ ನಗುತ್ತಾರೆ.

ಪಶ್ಚಿಮ: ನಡೆಯುವವರಿಗೆ ಸ್ವರ್ಗ, ಬೀಚಿಗೆ ಜಾತ್ರೆ

ಕ್ರೀಟ್‌ನ ಹೆಸರಾದ ಫೋಟೋಗಳೆಲ್ಲ ಇಲ್ಲಿಯವೇ. ಎಲಫೋನಿಸಿಯ ತಿಳಿ ಗುಲಾಬಿ ಮರಳು, ಬಾಲೋಸ್‌ನ ಹಸಿರು-ನೀಲಿ ನೀರು. ಎರಡೂ ನಿಜಕ್ಕೂ ಚೆಂದ. ಆದರೆ ನೀವು ಹುಡುಕುತ್ತಿರುವುದು ನಿಶ್ಶಬ್ದ ಆಗಿದ್ದರೆ ಇವೆರಡನ್ನೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಹನ್ಯಾದಿಂದ ಎಲಫೋನಿಸಿಗೆ ಸುಮಾರು 75 ಕಿ.ಮೀ., ಒಂದೂವರೆ ಗಂಟೆ ದಾರಿ. ನಡುವೆ ಟೊಪೋಲಿಯಾ ಹತ್ತಿರ ಒಂದು ಹಳೇ ಸುರಂಗ ಸಿಗುತ್ತೆ. ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿ ಹೋಗುವಷ್ಟು ಕಿರಿದು. ಬೆಳಿಗ್ಗೆ ಹತ್ತು ಗಂಟೆಗೆ ಅದರ ಬಾಯಲ್ಲಿ ನಿಂತ ಸಾಲು ನೋಡಿದರೆ ಬೀಚಿನಲ್ಲಿ ಏನು ಕಾದಿದೆ ಎಂದು ಗೊತ್ತಾಗುತ್ತೆ.

ಬಾಲೋಸ್‌ನ ಕಥೆ ಬೇರೆ. ಕಾಲಿವಿಯಾನಿ ಹಳ್ಳಿ ದಾಟಿದ ಮೇಲೆ ಸುಮಾರು 8 ಕಿ.ಮೀ. ಮಣ್ಣು ರಸ್ತೆ. ಪಕ್ಕದಲ್ಲಿ ಪ್ರಪಾತ, ಎದುರಿಗೆ ಬರುವ ಗಾಡಿಗಳ ಧೂಳು, ದಾರಿ ಮಧ್ಯೆ ಮಲಗಿದ ಮೇಕೆಗಳು. ನಮ್ಮ ಬಾಡಿಗೆ ಕಾರಿನ ಹೊಟ್ಟೆಗೆ ಅಲ್ಲಿ ಒಂದು ಕಲ್ಲು ಬಡಿಯಿತು. ‘ಫುಲ್ ಇನ್ಶೂರೆನ್ಸ್ ಇದೆಯಲ್ಲ’ ಎಂದು ಧೈರ್ಯವಾಗಿದ್ದೆ. ಕಾರು ವಾಪಸ್ ಕೊಡುವಾಗ ಕೌಂಟರಿನವರು ಒಪ್ಪಂದದ ಸಣ್ಣ ಅಕ್ಷರದ ಸಾಲು ತೋರಿಸಿದರು. ಮಣ್ಣು ರಸ್ತೆ, ಗಾಡಿಯ ತಳ, ಟೈರು, ಗಾಜು ಇವಕ್ಕೆ ವಿಮೆ ಇಲ್ಲ. ಕೈಯಿಂದ ಹಣ ಹೋಯಿತು. ಬಾಲೋಸ್ ನೋಡಲೇಬೇಕಾದರೆ ಕಿಸಾಮೋಸ್ ಬಂದರಿನಿಂದ ದೋಣಿ ಹಿಡಿಯಿರಿ, ಅಥವಾ ವಿಮೆ ಪತ್ರವನ್ನು ಪೂರ್ತಿ ಓದಿ.

ಪಶ್ಚಿಮದಲ್ಲಿ ನನಗೆ ಇಷ್ಟವಾದ ಬೀಚು ಫಲಸರ್ನಾ. ಮರಳು ತುಂಬಾ ಅಗಲ, ಹಾಗಾಗಿ ಜನ ಬಂದರೂ ಹರಡಿಕೊಳ್ಳುತ್ತಾರೆ. ಉತ್ತರದ ತುದಿಗೆ ನಡೆದರೆ ಒಂದು ಹಳೇ ಬಂದರಿನ ಅವಶೇಷ ಸಿಗುತ್ತೆ. ಮಜಾ ಏನೆಂದರೆ ಆ ಬಂದರು ನೀರಿನಲ್ಲಿಲ್ಲ, ಒಣ ನೆಲದ ಮೇಲಿದೆ. ಕ್ರಿ.ಶ. 365ರ ಭಾರಿ ಭೂಕಂಪ ದ್ವೀಪದ ಈ ಪಶ್ಚಿಮದ ಅಂಚನ್ನೇ ಮೇಲಕ್ಕೆತ್ತಿತು. ಇಲ್ಲಿ 6 ಮೀಟರಿಗೂ ಜಾಸ್ತಿ. ಸಮುದ್ರ ಹಿಂದೆ ಸರಿಯಲಿಲ್ಲ, ನೆಲವೇ ಎದ್ದು ನಿಂತಿತು. ಹಡಗು ಕಟ್ಟುತ್ತಿದ್ದ ಜಾಗದಲ್ಲಿ ಈಗ ಮುಳ್ಳುಪೊದೆ ಬೆಳೆದಿದೆ.

ಇಲ್ಲಿಯ ನಿಜವಾದ ಶಕ್ತಿ ಬೀಚಲ್ಲ, ಕಮರಿಗಳು. ಸಮರಿಯಾ 16 ಕಿ.ಮೀ. ಉದ್ದ, ಸುಮಾರು 1,230 ಮೀಟರ್ ಎತ್ತರದ ಕ್ಸಿಲೋಸ್ಕಾಲೋದಿಂದ ಸಮುದ್ರದವರೆಗೆ ಇಳಿಜಾರು. ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತೆ. ಒಳಗಿದ್ದ ಸಮರಿಯಾ ಹಳ್ಳಿಯವರನ್ನು 1962ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡುವಾಗ ಬೇರೆಡೆ ಕಳಿಸಿದರು. ಕಲ್ಲಿನ ಖಾಲಿ ಮನೆಗಳು ದಾರಿಯಲ್ಲಿ ಸಿಗುತ್ತವೆ. ಆದರೆ ಕಾರಿನವರಿಗೆ ಇಲ್ಲಿ ಒಂದು ತಲೆನೋವು. ಮೇಲೆ ಕಾರು ಬಿಟ್ಟು ಇಳಿದರೆ ಕೆಳಗೆ ಆಯಾ ರೂಮೆಲಿಯಲ್ಲಿ ರಸ್ತೆಯಿಲ್ಲ. ದೋಣಿ ಹತ್ತಿ ಸೂಯಾಗೆ ಹೋಗಿ, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿದು ಮತ್ತೆ ಬೆಟ್ಟ ಹತ್ತಬೇಕು. ಸಮರಿಯಾದ ದಿನ ಕಾರನ್ನು ಹನ್ಯಾದಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗುವುದು ಜಾಣತನ.

ಕಾರಿಟ್ಟುಕೊಂಡು ನಡೆಯಬೇಕೆಂದರೆ ಇಂಬ್ರೋಸ್ ಕಮರಿ ಹೆಚ್ಚು ಅನುಕೂಲ. ಸುಮಾರು 8 ಕಿ.ಮೀ., ಒಂದು ಕಡೆ ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಕಿರಿದು. ಕೆಳಗೆ ಕೊಮಿತಾದೆಸ್ ಹಳ್ಳಿಯಲ್ಲಿ ನಿಮ್ಮನ್ನು ವಾಪಸ್ ಮೇಲಕ್ಕೆ ಬಿಡುವ ಗಾಡಿಯವರು ಕಾದಿರುತ್ತಾರೆ. 1941ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ದ್ವೀಪ ಹಿಡಿದಾಗ ಸೋತ ಮಿತ್ರಪಡೆಗಳ ಸೈನಿಕರು ಸ್ಫಾಕಿಯಾ ಕಡೆಗೆ ಇಳಿದದ್ದು ಈ ಬೆಟ್ಟದ ದಾರಿಗಳಲ್ಲೇ. ಸೂಯಾ ಹತ್ತಿರದ ಆಯಾ ಇರೀನಿ ಕಮರಿ ಇನ್ನೂ ಚಿಕ್ಕದು, ನೆರಳು ಜಾಸ್ತಿ, ಜನ ಕಡಿಮೆ.

ಪಶ್ಚಿಮ ಆಯ್ದುಕೊಂಡರೂ ಏಳೂ ರಾತ್ರಿ ಹನ್ಯಾದಲ್ಲಿ ಇರಬೇಡಿ. ಹಳೇ ಬಂದರು, ವೆನಿಸ್ ಕಾಲದ ಕಟ್ಟಡಗಳು, ಕಿರುಓಣಿಗಳು ಸೊಗಸು, ಎರಡು ರಾತ್ರಿ ಸಾಕು. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸಂಜೆ ಮುಗಿಯುತ್ತೆ. ಉಳಿದ ರಾತ್ರಿಗಳನ್ನು ಸೂಯಾದಲ್ಲಿ ಕಳೆಯಿರಿ. ಕಲ್ಲುಹರಳಿನ ಉದ್ದ ಬೀಚು, ಒಂದು ಸಾಲು ಹೋಟೆಲು, ಅಷ್ಟೇ ಊರು.

ನಡು-ದಕ್ಷಿಣ: ಎಲ್ಲವೂ ಸ್ವಲ್ಪ ಸ್ವಲ್ಪ

ಬೀಚಿನಲ್ಲಿ ಬಿದ್ದಿರಲು ಒಬ್ಬರಿಗೆ, ಬೆಟ್ಟ ಹತ್ತಲು ಇನ್ನೊಬ್ಬರಿಗೆ, ಹಳೇ ಕಲ್ಲು ನೋಡಲು ಮತ್ತೊಬ್ಬರಿಗೆ ಆಸೆ ಇದ್ದರೆ ಇಲ್ಲಿ ಜಗಳ ಆಗಲ್ಲ. ಉತ್ತರ ಕರಾವಳಿಯ ರೆಥಿಮ್ನೋ ಊರಿನಿಂದ ದಕ್ಷಿಣಕ್ಕೆ ಹೊರಟರೆ ಸ್ಪಿಲಿ ಹಳ್ಳಿ ಬರುತ್ತೆ. ಸಿಂಹದ ತಲೆಗಳ ಸಾಲಿನಿಂದ ಬೆಟ್ಟದ ತಣ್ಣನೆ ನೀರು ಸುರಿಯುತ್ತಿರುತ್ತೆ, ಬಾಟಲಿ ತುಂಬಿಸಿಕೊಳ್ಳಿ. ಪ್ಲಾಕಿಯಾಸ್‌ಗೆ ಹೋಗುವ ರಸ್ತೆ ಕೂರ್ತಾಲಿಯೋತಿಕೋ ಕಮರಿಯೊಳಗೇ ನುಗ್ಗುತ್ತೆ. ಗಾಳಿ ಬೀಸುವ ದಿನ ಕಾರಿನ ಬಾಗಿಲು ಹುಷಾರಾಗಿ ತೆಗೆಯಿರಿ, ಕೈಯಿಂದ ಕಿತ್ತುಕೊಂಡು ಹೋಗುತ್ತೆ.

ಈ ಗಾಳಿಯೇ ಪ್ಲಾಕಿಯಾಸ್‌ನ ದೊಡ್ಡ ಕೊರತೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಮೆಲ್ತೆಮಿ ಎಂಬ ಬಡಗಣ ಗಾಳಿ ಬೀಸುತ್ತೆ. ಉತ್ತರ ಕರಾವಳಿಯಲ್ಲಿ ಅದು ಅಲೆ ಎಬ್ಬಿಸುತ್ತೆ. ದಕ್ಷಿಣದಲ್ಲಿ ನೀರು ಸಮವಾಗೇ ಇರುತ್ತೆ, ಆದರೆ ಬೆಟ್ಟದ ಸಂದುಗಳಿಂದ ಗಾಳಿ ಧುಮುಕಿ ಮರಳನ್ನು ಮುಖಕ್ಕೆ ಎರಚುತ್ತೆ. ಬೇಸಿಗೆಯಲ್ಲಿ ಬೀಚಿಗೆ ಹೊರಡುವ ಮುಂಚೆ ಗಾಳಿಯ ದಿಕ್ಕು ನೋಡುವುದು ಇಲ್ಲಿಯವರ ಅಭ್ಯಾಸ. ನೀವೂ ಮಾಡಿ.

ಪ್ಲಾಕಿಯಾಸ್ ಹತ್ತಿರದ ಪ್ರೆವೆಲಿ ಬೀಚಿನಲ್ಲಿ ಕಮರಿಯಿಂದ ಹರಿದು ಬರುವ ಹೊಳೆ ತಾಳೆಯಂಥ ಮರಗಳ ನಡುವೆ ಸಮುದ್ರ ಸೇರುತ್ತೆ. ಇದು ಕ್ರೀಟ್‌ನದೇ ಜಾತಿಯ ಖರ್ಜೂರದ ಮರ. 2010ರ ಬೆಂಕಿಯಲ್ಲಿ ತೋಪು ಸುಟ್ಟು ಕಪ್ಪಾಗಿತ್ತು. ಬೇರು ಉಳಿದಿತ್ತು, ಮತ್ತೆ ಚಿಗುರಿತು. ಮೇಲಿನಿಂದ ಮೆಟ್ಟಿಲಿಳಿದು ಹೋಗಬೇಕು. ಮೊಣಕಾಲು ನೋವಿರುವ ಹಿರಿಯರಿಗೆ ಕಷ್ಟ. ನಮ್ಮ ಅಪ್ಪ ಮೇಲೆಯೇ ಕೂತು ನೋಡಿ, ‘ಸಾಕು, ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ’ ಎಂದರು. ಪಕ್ಕದ ಮಠದ ಸನ್ಯಾಸಿಗಳು 1941ರಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಬಚ್ಚಿಟ್ಟು, ಸಬ್‌ಮರೀನ್‌ಗಳಿಗೆ ಹತ್ತಿಸಿ ಪಾರು ಮಾಡಿದ್ದರು.

ನಿಶ್ಶಬ್ದಕ್ಕೆ ಮಾತ್ರ ಪ್ರೆವೆಲಿ ಬೇಡ. ಅಲ್ಲಿಂದ ಪೂರ್ವಕ್ಕೆ ಸರಿಯಿರಿ. ತ್ರಿಯೋಪೆತ್ರಾ ಎಂದರೆ ಮೂರು ಬಂಡೆ. ಉದ್ದನೆಯ ಬೀಚು, ಬೆರಳೆಣಿಕೆಯ ಮನೆಗಳು. ಅದರಾಚೆ ಆಯೋಸ್ ಪಾವ್ಲೋಸ್, ಮರಳು ದಿಬ್ಬಗಳ ಜಾಗ. ಇನ್ನೂ ಪೂರ್ವಕ್ಕೆ ಹೋದರೆ ಕೊಮ್ಮೋಸ್. ಬೀಚಿನ ಪಕ್ಕದಲ್ಲೇ ಕಂಚಿನ ಯುಗದಲ್ಲಿ ಈ ದ್ವೀಪದಲ್ಲಿ ಬಾಳಿದ ಮಿನೋವನ್ನರ ಕಾಲದ ಬಂದರಿನ ಅವಶೇಷ, ಮರಳಿನಲ್ಲಿ ಕಡಲಾಮೆಗಳ ಗೂಡು. ಹತ್ತಿರದ ಮಾತಲಾದ ಗುಹೆಗಳಲ್ಲಿ 1960ರ ದಶಕದಲ್ಲಿ ಹಿಪ್ಪಿಗಳು ಬೀಡುಬಿಟ್ಟಿದ್ದರು. ಈಗ ಅದು ಪೂರ್ತಿ ಪ್ರವಾಸಿ ಊರು, ಒಂದು ಗಂಟೆ ಸಾಕು.

ಹಳ್ಳಿಗಳ ವಿಷಯಕ್ಕೆ ಬಂದರೆ ಮೂರು ಮೂಲೆಗಳಲ್ಲಿ ಇದೇ ಗೆಲ್ಲುತ್ತೆ. ಪ್ಸಿಲೋರಿಟಿಸ್ ಬೆಟ್ಟದ ಪಶ್ಚಿಮದ ಅಮಾರಿ ಕಣಿವೆಯಲ್ಲಿ ಒಂದಾದ ಮೇಲೊಂದು ಊರು, ಆಲಿವ್, ಚೆರಿ, ಪುಟ್ಟ ಚರ್ಚುಗಳು. ಊರ ನಡುವಿನ ಮರದ ಕೆಳಗೆ ಕಾಫಿ ಅಂಗಡಿ ಇದ್ದೇ ಇರುತ್ತೆ. ಅಲ್ಲಿ ಅರ್ಧ ದಿನ ಗೊತ್ತಿಲ್ಲದೇ ಹೋಗುತ್ತೆ. ಬೆಟ್ಟದ ಉತ್ತರಕ್ಕಿರುವ ಮಾರ್ಗರಿತೆಸ್ ಕುಂಬಾರರ ಊರು. ಮಣ್ಣಿನ ಬೋಗುಣಿ ತಂದಿದ್ದೇವೆ, ಈಗಲೂ ಮೊಸರು ಅದರಲ್ಲೇ.

ಪೂರ್ವ: ನನ್ನ ಓಟು ಇದಕ್ಕೇ

ಪೂರ್ವಕ್ಕೆ ಹೋಗುವವರು ಹೆಚ್ಚಾಗಿ ಆಯೋಸ್ ನಿಕೋಲಾವೋಸ್, ಎಲೂಂಡಾವರೆಗೆ ಬಂದು, ದೋಣಿಯಲ್ಲಿ ಸ್ಪಿನಲೋಂಗಾ ನೋಡಿ ಹಿಂತಿರುಗುತ್ತಾರೆ. 1957ರವರೆಗೆ ಕುಷ್ಠರೋಗಿಗಳನ್ನು ಇಟ್ಟಿದ್ದ ಪುಟ್ಟ ದ್ವೀಪ ಅದು. ಅಲ್ಲಿಂದ ಮುಂದೆ ಸಿತಿಯಾ ಕಡೆಗೆ ರಸ್ತೆ ತಿರುವು ತಿರುವಾಗಿ ಹೋಗುತ್ತೆ. ಆ ತಿರುವುಗಳೇ ಜನರನ್ನು ತಡೆದಿವೆ. ಉತ್ತರ ಕರಾವಳಿಯ ನಡುವಿನ ಇರಾಕ್ಲಿಯೋ ನಗರದ ವಿಮಾನ ನಿಲ್ದಾಣದಿಂದ ಸಿತಿಯಾಗೆ 130 ಕಿ.ಮೀ. ಆಸುಪಾಸು, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಗಾಡಿ ಓಡಿಸಿದವರಿಗೆ ಇದೇನೂ ಅಲ್ಲ. ನಮ್ಮ ಘಾಟಿಯ ಲಾರಿ, ಬಸ್ಸುಗಳ ಕಾಟವೂ ಇಲ್ಲಿಲ್ಲ.

ಸಿತಿಯಾ ಊರೇ ನಿಧಾನದ ಊರು. ಬಂದರಿನ ಪಕ್ಕ ಸಂಜೆ ಅಲ್ಲಿಯವರೇ ಕುಟುಂಬದ ಜೊತೆ ಅಡ್ಡಾಡುತ್ತಾರೆ, ಪ್ರವಾಸಿಗರು ಕಡಿಮೆ. ಸುತ್ತಲಿನ ಪ್ರದೇಶ 2015ರಿಂದ ಯುನೆಸ್ಕೋ ಜಿಯೋಪಾರ್ಕ್, ಅಂದರೆ ಬಂಡೆ, ನೆಲದ ರಚನೆಗಾಗಿ ಕಾಪಾಡುವ ಜಾಗ. ವಾಯ್‌ನಲ್ಲಿ ಅದೇ ಖರ್ಜೂರ ಜಾತಿಯ ದೊಡ್ಡ ಕಾಡೇ ಇದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬಸ್ಸುಗಳ ಸಾಲು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋಗಿ, ಆಮೇಲೆ ಸ್ವಲ್ಪ ಉತ್ತರಕ್ಕೆ ಇತಾನೋಸ್‌ಗೆ ಸರಿಯಿರಿ. ಹಳೇ ನಗರದ ಕಲ್ಲುಗಳ ನಡುವೆ ಪುಟ್ಟ ಪುಟ್ಟ ಬೀಚುಗಳಿವೆ. ಅಷ್ಟು ಹತ್ತಿರ ಇದ್ದರೂ ಬಸ್ಸಿನವರು ಅಲ್ಲಿಗೆ ಬರುವುದಿಲ್ಲ.

ಪೂರ್ವವನ್ನು ನಾನು ಆರಿಸುವುದು ಒಂದು ನಿರ್ದಿಷ್ಟ ದಿನಕ್ಕೋಸ್ಕರ. ಸಿತಿಯಾದಿಂದ ಸುಮಾರು ಒಂದು ಗಂಟೆ ಓಡಿಸಿ ಝಾಕ್ರೋಸ್ ಹಳ್ಳಿಗೆ ಹೋಗಿ. ಕಾರನ್ನು ಅಲ್ಲೇ ಬಿಡಿ. ಊರಿನಿಂದ ‘ಸತ್ತವರ ಕಮರಿ’ಯೊಳಗೆ ಇಳಿಯಿರಿ. ಹೆಸರು ಕೇಳಿ ಹೆದರಬೇಡಿ. ಮಿನೋವನ್ನರು ಗೋಡೆಯ ಗುಹೆಗಳಲ್ಲಿ ಸತ್ತವರನ್ನು ಹೂಳುತ್ತಿದ್ದರು, ಅದಕ್ಕೇ ಆ ಹೆಸರು. ಕೆಂಪು-ಕಂದು ಗೋಡೆಗಳು, ಗಣಗಲೆ ಪೊದೆ, ಮೇಕೆಗಳ ಗಂಟೆ ಸದ್ದು. ಎರಡರಿಂದ ಮೂರು ಗಂಟೆ ನಡಿಗೆ. ಕಮರಿಯ ಬಾಯಿ ತೆರೆದದ್ದೇ ಎದುರಿಗೆ ಮಿನೋವನ್ ಅರಮನೆ. ಗ್ರೀಕ್ ಪುರಾತತ್ವಜ್ಞ ನಿಕೋಲಾವೋಸ್ ಪ್ಲಾಟೋನ್ 1960ರ ದಶಕದಲ್ಲಿ ಅಗೆಸಿ ತೆಗೆದದ್ದು. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆರು ಮಿನೋವನ್ ತಾಣಗಳಲ್ಲಿ ಇದೂ ಒಂದು. ಕ್ನೋಸೋಸ್‌ನಲ್ಲಿ ಸಾಲಿನಲ್ಲಿ ನಿಂತು, ಸಿಮೆಂಟಿನಲ್ಲಿ ಮತ್ತೆ ಕಟ್ಟಿದ ಕೆಂಪು ಕಂಬ ನೋಡುತ್ತೀರಿ. ಇಲ್ಲಿ ಅಡಿಪಾಯದ ಕಲ್ಲುಗಳಷ್ಟೇ ಇವೆ, ಬಾವಿಯಲ್ಲಿ ನೀರಿದೆ, ಆಮೆಗಳಿವೆ. ನಾವು ಹೋದಾಗ ನಮ್ಮನ್ನು ಬಿಟ್ಟು ಇಬ್ಬರೇ ಇದ್ದರು. ಅರಮನೆಯಿಂದ ಹೆಜ್ಜೆ ಎಣಿಸುವಷ್ಟು ದೂರದಲ್ಲಿ ಕಾತೋ ಝಾಕ್ರೋಸ್ ಬೀಚು, ನಾಲ್ಕೈದು ತವೆರ್ನಾ, ಅಂದರೆ ಊಟದ ಪುಟ್ಟ ಹೋಟೆಲು. ಕಾಲು ನೀರಿನಲ್ಲಿ ಇಳಿಬಿಟ್ಟು ಕೂತು, ಸಂಜೆ ಮುಂಚೆ ಟ್ಯಾಕ್ಸಿ ಕರೆಸಿ ಮೇಲೆ ಹೋಗಿ ಕಾರು ತೆಗೆದುಕೊಳ್ಳಿ. ಒಬ್ಬರಿಗೆ ನಡೆಯಲು ಆಗದಿದ್ದರೆ ಇನ್ನೂ ಒಳ್ಳೆಯದು. ಅವರು ಕಾರನ್ನು ರಸ್ತೆಯಲ್ಲಿ ಇಳಿಸಿ ತರುತ್ತಾರೆ. ಬೀಚು, ಹಳ್ಳಿ, ಬೆಟ್ಟದ ದಾರಿ ಮೂರೂ ಒಂದೇ ದಿನ, ಒಂದೇ ಕಡೆ. ಉಳಿದೆರಡು ಮೂಲೆಗಳಲ್ಲಿ ಈ ಮೂರಕ್ಕೆ ಮೂರು ದಿನ ಬೇಕು.

ಯುರೋಪಿನ ಹಲವು ದೇಶ ದಾಟಿ ಬಂದು, ದ್ವೀಪದ ಉದ್ದಕ್ಕೂ ಹೋಗುವ ಇ4 ಕಾಲುದಾರಿ ಕ್ರೀಟ್‌ನೊಳಗೆ ಮುಗಿಯುವುದೂ ಇಲ್ಲೇ. ಹಳದಿ-ಕಪ್ಪು ಗುರುತು ಹುಡುಕಿಕೊಂಡು ನಡೆದರಾಯಿತು. ದಕ್ಷಿಣಕ್ಕೆ ಕ್ಸೆರೋಕಾಂಬೋಸ್ ಇದೆ. ಬೆಟ್ಟದಿಂದ ಹಾವಿನ ಹಾಗೆ ಇಳಿಯುವ ರಸ್ತೆ, ಕೆಳಗೆ ಬಂಡೆಗಳ ನಡುವೆ ಒಂದಾದ ಮೇಲೊಂದು ಮರಳಿನ ಕೊಲ್ಲಿ. ಒಂದು ಕೊಲ್ಲಿಯಲ್ಲಿ ಯಾರಾದರೂ ಇದ್ದರೆ ಪಕ್ಕದ್ದಕ್ಕೆ ಹೋದರಾಯಿತು.

ಪೂರ್ವದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ನೆಲ ಒಣ, ಮರ ಕಡಿಮೆ. ಹಸಿರು ಬೇಕೆನ್ನುವವರಿಗೆ ಬೋಳು ಅನ್ನಿಸಬಹುದು. ಎತ್ತರದ ಬೆಟ್ಟಗಳ ಆ ಭವ್ಯತೆ ಬೇಕಿದ್ದರೆ ಪಶ್ಚಿಮವೇ ಸರಿ. ಲಸಿಥಿ ಬಯಲು ನೋಡಬೇಕಾದರೆ ಬರುವಾಗಲೋ ಹೋಗುವಾಗಲೋ ಸೇರಿಸಿಕೊಳ್ಳಿ. 840 ಮೀಟರ್ ಎತ್ತರದಲ್ಲಿ ಬೆಟ್ಟಗಳ ನಡುವೆ ತಟ್ಟೆಯಂಥ ಬಯಲು, ಆಲೂಗಡ್ಡೆ ಹೊಲ, ನೀರೆತ್ತಲು ಬಳಸುತ್ತಿದ್ದ ಬಟ್ಟೆ ಪಟದ ಗಾಳಿಯಂತ್ರಗಳು. ಹೆಚ್ಚಿನವು ಈಗ ತಿರುಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಮೊದಲ ಸಲ ಹೋಗುವವರು, ಎತ್ತರದ ಬೆಟ್ಟ, ದೊಡ್ಡ ಕಮರಿ ನಡೆಯಲೇಬೇಕೆನ್ನುವವರು ಪಶ್ಚಿಮ ಹಿಡಿಯಿರಿ. ಹೋಗುವುದು ಮೇ ತಿಂಗಳ ಕೊನೆಗೆ ಅಥವಾ ಅಕ್ಟೋಬರ್ ಮೊದಲಿಗೆ ಇರಲಿ. ಅಪ್ಪ-ಅಮ್ಮ, ಮಕ್ಕಳು ಎಲ್ಲರೂ ಇದ್ದರೆ ನಡು-ದಕ್ಷಿಣ. ಜುಲೈ-ಆಗಸ್ಟ್ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ, ಆದರೂ ಜನಜಂಗುಳಿ ಬೇಡ ಅನ್ನುವವರಿಗೆ ಪೂರ್ವ ಬಿಟ್ಟು ಬೇರೆ ಹೇಳಲಾರೆ. ಹತ್ತು ದಿನ ಇದ್ದರೆ ಎರಡು ಮೂಲೆ ಸೇರಿಸಬಹುದು, ಅಕ್ಕಪಕ್ಕದವು ಮಾತ್ರ. ಹನ್ಯಾ ಮತ್ತು ಸಿತಿಯಾ ಎರಡೂ ಬೇಕು ಅಂದರೆ ನಡುವೆ ನಾಲ್ಕೂವರೆ ಗಂಟೆಯ ಹೆದ್ದಾರಿ ಇದೆ ಎನ್ನುವುದು ನೆನಪಿರಲಿ. ಹಾಗೆ ಮಾಡುವುದಾದರೆ ಹನ್ಯಾದಲ್ಲಿ ಇಳಿದು ಇರಾಕ್ಲಿಯೋದಿಂದ ವಾಪಸ್ ಹೊರಡುವ ಟಿಕೆಟ್ ಮಾಡಿಸಿ. ಕಾರನ್ನು ಬೇರೆ ಊರಿನಲ್ಲಿ ಬಿಡಲು ಸ್ವಲ್ಪ ಜಾಸ್ತಿ ಕೇಳಬಹುದು, ಕೊಟ್ಟರೂ ಲಾಭವೇ.

ಊಟದ ಚಿಂತೆ ಇರುವವರಿಗೆ ಮೂರು ಮೂಲೆಯೂ ಒಂದೇ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಚರ್ಚಿನ ಉಪವಾಸದ ದಿನಗಳು ಜಾಸ್ತಿ ಇರುವುದರಿಂದ ಮಾಂಸ, ಮೊಟ್ಟೆ ಇಲ್ಲದ ಅಡುಗೆ ಅವರಿಗೆ ಹೊಸದಲ್ಲ. ‘ಫಾವಾ’ ಕೇಳಿದರೆ ಹಳದಿ ಬೇಳೆ ಬೇಯಿಸಿ ಅರೆದು, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ತೊವ್ವೆಯ ದಪ್ಪಗಿನ ತಂಗಿ. ‘ಹೋರ್ತಾ’ ಅಂದರೆ ಬೇಯಿಸಿದ ಸೊಪ್ಪು. ಬೇಸಿಗೆಯಲ್ಲಿ ಅದನ್ನು ಕೇಳಿದರೆ ಹೆಚ್ಚಾಗಿ ಬರುವುದು ‘ವ್ಲೀತಾ’. ಮೊದಲ ತುತ್ತಿಗೇ ನನ್ನಾಕೆ ಹೇಳಿದಳು, ‘ಇದು ನಮ್ಮ ಹರಿವೆ ಸೊಪ್ಪಲ್ವಾ?’ ನಿಜ, ಹರಿವೆಯ ಹತ್ತಿರದ ಬಂಧುವೇ. ಬೇಯಿಸಿ ನಿಂಬೆಹುಳಿ ಹಿಂಡಿರುತ್ತಾರೆ, ಒಗ್ಗರಣೆಯೊಂದು ಕಡಿಮೆ. ಹನ್ಯಾ ಕಡೆಯ ಬುರೇಕಿಯಲ್ಲಿ ಆಲೂಗಡ್ಡೆ, ಸೀಮೆ ಸೋರೆಯಂಥ ಕಾಯಿ, ಚೀಸು ಇರುತ್ತೆ. ಊಟ ಮುಗಿದ ಮೇಲೆ ಕೇಳದೆಯೇ ಹಣ್ಣು ಮತ್ತು ಪುಟ್ಟ ಸೀಸೆಯಲ್ಲಿ ರಾಕಿ ಎಂಬ ಸಾರಾಯಿ ತಂದಿಡುತ್ತಾರೆ. ಸ್ಟೀರಿಂಗ್ ಹಿಡಿಯುವವರು ಹಣ್ಣಿಗೆ ಮಾತ್ರ ಕೈ ಹಾಕಿ.

ಕಾರಿನ ವಿಷಯ

ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ಊರಲ್ಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ. ಮೊದಲ ದಿನ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತೀರಿ, ಬಿಸಿಲಲ್ಲಿ ವೈಪರ್ ಆಡಿಸಿಕೊಂಡು ತಿರುಗಿದ ಮೊದಲಿಗರು ನೀವೇನಲ್ಲ. ಗೇರ್ ಕಾರುಗಳೇ ಜಾಸ್ತಿ, ಆಟೋಮ್ಯಾಟಿಕ್ ಬೇಕಾದರೆ ಬೇಗ ಬುಕ್ ಮಾಡಿ. ದೊಡ್ಡ ಗಾಡಿ ಬೇಡವೇ ಬೇಡ. ಹಳ್ಳಿಯ ಓಣಿಯಲ್ಲಿ ಎರಡೂ ಕನ್ನಡಿ ಮಡಚಿ ದಾಟುವಾಗ ಸಣ್ಣ ಕಾರಿನ ಬೆಲೆ ಗೊತ್ತಾಗುತ್ತೆ. ಉತ್ತರದ ಹೆದ್ದಾರಿಯಲ್ಲಿ ಹಿಂದಿನ ಗಾಡಿ ಅಂಟಿಕೊಂಡು ಬಂದರೆ ಸಿಟ್ಟಾಗಬೇಡಿ. ನಿಧಾನದ ಗಾಡಿ ಬಲದ ಅಂಚಿಗೆ ಸರಿದು ದಾರಿ ಬಿಡುವುದು ಅಲ್ಲಿಯ ವಾಡಿಕೆ. ಆ ಅಂಚಿನಲ್ಲಿ ಮುಂದೆ ಯಾರಾದರೂ ಗಾಡಿ ನಿಲ್ಲಿಸಿದ್ದಾರಾ ಎಂದು ನೋಡಿಕೊಂಡು ಸರಿಯಿರಿ.

ಪೂರ್ವಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಹಳ್ಳಿಗಳ ಪೆಟ್ರೋಲ್ ಬಂಕು ಭಾನುವಾರ ಮುಚ್ಚಿರುವುದುಂಟು. ಶನಿವಾರ ಸಂಜೆಯೇ ಸಿತಿಯಾದಲ್ಲಿ ಟ್ಯಾಂಕ್ ತುಂಬಿಸಿ. ಹಾಗೇ ನಾಲ್ಕು ಬಾಟಲಿ ನೀರು, ಒಂದು ಕಿಲೋ ದ್ರಾಕ್ಷಿ ಹಿಂದಿನ ಸೀಟಿಗೆ ಹಾಕಿಕೊಳ್ಳಿ. ಕ್ಸೆರೋಕಾಂಬೋಸ್‌ನ ಕೊಲ್ಲಿಗಳಲ್ಲಿ ಅಂಗಡಿ ಇಲ್ಲ.